ತಪ್ಪು ಯಾರದು, ದಂಡ ಯಾರಿಗೆ?

ದಿಗ್ಬಂಧನ ಎಂಬ ಪದವನ್ನು ನೀವು ಪತ್ರಿಕೆಗಳಲ್ಲಿ ಎಷ್ಟೋ ಸಲ ಓದಿರುತ್ತೀರಿ. ಇಂಥ ದೇಶದ ಮೇಲೆ ದಿಗ್ಬಂಧನ, ಇಂಥ ಮಾಜಿ ಮಂತ್ರಿಯ ಮೇಲೆ ದಿಗ್ಬಂಧನ ಎಂದು ಒಂದು ಮೂಲೆಯಲ್ಲಿ ಸುದ್ದಿ ಬಂದಿರುತ್ತದೆ. ಅದು ದೊಡ್ಡವರ ವಿಷಯವೆಂದು ನಾವು ಪುಟ ಮಗುಚುತ್ತೇವೆ. ಆದರೆ ಸಹೋದರಿಯರೇ, ದಿಗ್ಬಂಧನ ನೇರವಾಗಿ ಅಡುಗೆ ಮನೆಗೇ ಬರುತ್ತದೆ. ಅಕ್ಕಿಯ ಡಬ್ಬಕ್ಕೆ, ಮಗುವಿನ ಔಷಧದ ಬಾಟಲಿಗೆ, ಶಿಕ್ಷಕಿಯ ಸಂಬಳಕ್ಕೆ ಅದು ಕೈ ಹಾಕುತ್ತದೆ. ಆದ್ದರಿಂದ ಇದು ನಮ್ಮ ವಿಷಯವೂ ಹೌದು.

ದಿಗ್ಬಂಧನದಲ್ಲಿ ಎರಡು ಬಗೆ ಇದೆ. ಒಂದು, ಇಡೀ ದೇಶದ ಬಾಗಿಲು ಮುಚ್ಚುವುದು. ಏನನ್ನೂ ಮಾರುವಂತಿಲ್ಲ, ಏನನ್ನೂ ಕೊಳ್ಳುವಂತಿಲ್ಲ. ಇನ್ನೊಂದು, ತಪ್ಪು ಮಾಡಿದವರ ಹೆಸರು ಬರೆದು ಅವರ ಆಸ್ತಿಯನ್ನು, ಬ್ಯಾಂಕಿನ ಹಣವನ್ನು ತಡೆಹಿಡಿಯುವುದು. ಈ ಎರಡೂ ಬಗೆಯನ್ನು ಒಂದರ ಹಿಂದೆ ಒಂದರಂತೆ ಕಂಡ ದೇಶ ಇರಾಕ್. ಸದ್ದಾಮ್ ಹುಸೇನ್ ಅಧಿಕಾರದಲ್ಲಿದ್ದಾಗ 13 ವರ್ಷ ಜನರ ಮೇಲೆ ದಿಗ್ಬಂಧನವಿತ್ತು. ಆತನ ಆಡಳಿತ ಬಿದ್ದ ಮೇಲೆ ಆತನ ಮತ್ತು ಆತನ ಅಧಿಕಾರಿಗಳ ಹೆಸರಿನ ಪಟ್ಟಿ ತಯಾರಾಯಿತು. ಮೊದಲು ಬರಬೇಕಾದದ್ದು ಕೊನೆಗೆ ಬಂತು. ಇದನ್ನು ಯೋಚಿಸುವಾಗಲೆಲ್ಲ ನನಗೆ ಶಾಲೆಯ ತರಗತಿಯೇ ನೆನಪಾಗುತ್ತದೆ.

ನಾನು ಮದ್ರಸಾದಲ್ಲಿ ಓದಿ, ಅನಂತರ ಬಿ.ಎ. ಮಾಡಿ, ಈಗ ಹೆಣ್ಣು ಮಕ್ಕಳಿಗೆ ಪಾಠ ಹೇಳುತ್ತಿರುವವಳು. ನಾನು ಕಲಿಯುವಾಗ ನಮಗೊಬ್ಬರು ಉಸ್ತಾದರಿದ್ದರು. ಯಾರಾದರೂ ತಂಟೆ ಮಾಡಿ, ಯಾರೆಂದು ಗೊತ್ತಾಗದಿದ್ದರೆ ಇಡೀ ತರಗತಿಯನ್ನು ನಿಲ್ಲಿಸುತ್ತಿದ್ದರು. ಕಾಲು ನೋಯತೊಡಗಿದರೆ ಮಕ್ಕಳೇ ತಪ್ಪಿತಸ್ಥಳನ್ನು ಹಿಡಿದು ಕೊಡುತ್ತಾರೆಂಬುದು ಅವರ ಲೆಕ್ಕ. ಆದರೆ ಆಗುತ್ತಿದ್ದುದೇ ಬೇರೆ. ನಮಗೆ ತಂಟೆ ಮಾಡಿದವಳ ಮೇಲೆ ಸಿಟ್ಟು ಬರುತ್ತಿರಲಿಲ್ಲ, ಉಸ್ತಾದರ ಮೇಲೆ ಬರುತ್ತಿತ್ತು. ತಂಟೆಯವಳು ನಮ್ಮೆಲ್ಲರ ಗೆಳತಿಯಾಗಿ ಬಿಡುತ್ತಿದ್ದಳು. ಇರಾಕಿನಲ್ಲಿ ನಡೆದದ್ದೂ ಬಹಳ ಮಟ್ಟಿಗೆ ಇದೇ. ವ್ಯತ್ಯಾಸವೆಂದರೆ ನಮ್ಮ ತರಗತಿಯಲ್ಲಿ ತಂಟೆ ಮಾಡಿದವಳೂ ನಮ್ಮೊಂದಿಗೆ ನಿಲ್ಲಬೇಕಿತ್ತು. ಇರಾಕಿನಲ್ಲಿ ತಪ್ಪು ಮಾಡಿದವನು ಅರಮನೆಯಲ್ಲಿ ಕುಳಿತೇ ಇದ್ದ.

1990ರ ಆಗಸ್ಟ್ 2ರಂದು ಸದ್ದಾಮನ ಸೈನ್ಯ ಕುವೈತಿಗೆ ನುಗ್ಗಿತು. ನೆರೆಯ ಒಂದು ಚಿಕ್ಕ ದೇಶವನ್ನು ನುಂಗಿ ಹಾಕುವ ಅನ್ಯಾಯ ಅದು. ನಾಲ್ಕೇ ದಿನಗಳಲ್ಲಿ, ಆಗಸ್ಟ್ 6ರಂದು, ವಿಶ್ವಸಂಸ್ಥೆಯ ಭದ್ರತಾ ಮಂಡಳಿ 661ನೇ ನಿರ್ಣಯದ ಮೂಲಕ ಇರಾಕಿನೊಡನೆ ಎಲ್ಲ ವ್ಯಾಪಾರವನ್ನೂ ನಿಲ್ಲಿಸಿತು. ಔಷಧಕ್ಕೆ ಮತ್ತು ತೀರಾ ಅಗತ್ಯ ಬಿದ್ದಾಗ ಆಹಾರಕ್ಕೆ ಮಾತ್ರ ವಿನಾಯಿತಿ ಇತ್ತು. ಆದರೆ ತೈಲ ಮಾರದೆ ಇರಾಕಿಗೆ ಹಣ ಎಲ್ಲಿಂದ ಬರಬೇಕು? ಹಣವಿಲ್ಲದೆ ವಿನಾಯಿತಿಯಿಂದ ಏನು ಪ್ರಯೋಜನ?

1991ರಲ್ಲಿ ಯುದ್ಧವಾಗಿ ಕುವೈತ್ ಬಿಡುಗಡೆ ಹೊಂದಿತು. ದಿಗ್ಬಂಧನ ಮಾತ್ರ ಹೋಗಲಿಲ್ಲ. ಬಾಂಬುಗಳಿಗೆ ವಿದ್ಯುತ್ ಸ್ಥಾವರಗಳು ಹಾಳಾಗಿದ್ದವು, ನೀರು ಶುದ್ಧೀಕರಿಸುವ ಕೇಂದ್ರಗಳು ನಿಂತಿದ್ದವು, ದುರಸ್ತಿಗೆ ಬಿಡಿ ಭಾಗಗಳು ಬರುವಂತಿರಲಿಲ್ಲ. ದೀನಾರಿನ ಬೆಲೆ ಕುಸಿಯಿತು. ಶಿಕ್ಷಕರ ತಿಂಗಳ ಸಂಬಳ ಕೆಲವೇ ಡಾಲರ್‌ಗಳಿಗೆ ಇಳಿಯಿತು. ಪಾಠ ಹೇಳುತ್ತಿದ್ದವರು ಟ್ಯಾಕ್ಸಿ ಓಡಿಸಿದರು, ಮನೆಯ ಪುಸ್ತಕಗಳನ್ನು ರಸ್ತೆ ಬದಿಯಲ್ಲಿಟ್ಟು ಮಾರಿದರು. ತಾಯಂದಿರು ಮೈಮೇಲಿನ ಚಿನ್ನ ಮಾರಿದರು. ಒಂದು ಕಾಲದಲ್ಲಿ ಅರಬ್ ದೇಶಗಳಲ್ಲೇ ಒಳ್ಳೆಯ ಆಸ್ಪತ್ರೆಗಳು, ಒಳ್ಳೆಯ ವಿಶ್ವವಿದ್ಯಾಲಯಗಳು ಇದ್ದ ನಾಡು ಅದು. ನಾನೂ ಸಂಬಳ ನಂಬಿ ಬದುಕುವವಳಾದ್ದರಿಂದ ಆ ಶಿಕ್ಷಕಿಯರ ಮನೆ ನನ್ನ ಕಣ್ಣ ಮುಂದೆ ಬರುತ್ತದೆ.

ಆಗ ಸದ್ದಾಮ್ ಸರಕಾರ ಏನು ಮಾಡಿತು? ಪಡಿತರ ಶುರು ಮಾಡಿತು. ಹಿಟ್ಟು, ಅಕ್ಕಿ, ಸಕ್ಕರೆ, ಚಹಾ, ಎಣ್ಣೆ ಎಲ್ಲವೂ ಸರಕಾರದ ಕೈಯಿಂದಲೇ ಸಿಗಬೇಕು. ಜನರು ಬದುಕಿ ಉಳಿದದ್ದು ಆ ಪಡಿತರದಿಂದ ಎಂಬುದು ನಿಜ. ಆದರೆ ಅನ್ನದ ಬಟ್ಟಲು ಸರಕಾರದ ಕೈಯಲ್ಲಿರುವಾಗ ಸರಕಾರದ ವಿರುದ್ಧ ಬಾಯಿ ತೆರೆಯುವವರು ಯಾರು? ಆಡಳಿತವನ್ನು ಬಗ್ಗಿಸಲೆಂದು ತಂದ ದಿಗ್ಬಂಧನ ಜನರನ್ನು ಅದೇ ಆಡಳಿತದ ಹಂಗಿಗೆ ತಳ್ಳಿತು. ಅದೇ ವರ್ಷಗಳಲ್ಲಿ ಹೊಸ ಅರಮನೆಗಳು ಏಳುತ್ತಿದ್ದವು. ಯುದ್ಧದ ಹೆಸರನ್ನೇ ಇಟ್ಟ ಒಂದು ಭವ್ಯ ಮಸೀದಿಯೂ ಬಗ್ದಾದಿನಲ್ಲಿ ಎದ್ದು, 2001ರಲ್ಲಿ ಪೂರ್ಣವಾಯಿತು. ಹಸಿದವರ ಊರಿನಲ್ಲಿ ಕಟ್ಟಿದ ಆ ಮಿನಾರಗಳ ಬಗ್ಗೆ ನಾನು ಹೆಚ್ಚೇನೂ ಹೇಳಬೇಕಾಗಿಲ್ಲ.

ಇಲ್ಲೊಂದು ವಿಷಯವನ್ನು ಪ್ರಾಮಾಣಿಕವಾಗಿ ಹೇಳಲೇಬೇಕು. ದಿಗ್ಬಂಧನದಿಂದ ಐದು ಲಕ್ಷ ಮಕ್ಕಳು ಸತ್ತರು ಎಂಬ ಮಾತು ಆ ಕಾಲದಲ್ಲಿ ಲೇಖನಗಳಲ್ಲಿ, ಭಾಷಣಗಳಲ್ಲಿ ಪದೇ ಪದೇ ಕೇಳಿ ಬರುತ್ತಿತ್ತು. 1996ರಲ್ಲಿ ಅಮೆರಿಕದ ಮೆಡೆಲೀನ್ ಆಲ್‌ಬ್ರೈಟ್ ಅವರನ್ನು ಟಿ.ವಿ. ಸಂದರ್ಶನವೊಂದರಲ್ಲಿ ಈ ಬಗ್ಗೆ ಕೇಳಿದಾಗ, ಆ ಬೆಲೆ ತೆರುವುದು ಸರಿಯೆಂದೇ ತಮ್ಮ ಅಭಿಪ್ರಾಯ ಎಂದುಬಿಟ್ಟರು. ಮುಂದೆ ಆ ಮಾತಿಗಾಗಿ ಅವರೇ ವಿಷಾದಪಟ್ಟರು. 1999ರ ಯುನಿಸೆಫ್ ಸಮೀಕ್ಷೆಯೂ ಮಕ್ಕಳ ಮರಣ ದುಪ್ಪಟ್ಟಿಗಿಂತ ಹೆಚ್ಚಾಗಿದೆ ಎಂದಿತ್ತು. ಆದರೆ 2003ರ ನಂತರ ನಡೆದ ಸಮೀಕ್ಷೆಗಳಲ್ಲಿ ಅಂಥ ಏರಿಕೆ ಕಂಡು ಬರಲಿಲ್ಲ. ಸದ್ದಾಮ್ ಸರಕಾರ ಆ ಅಂಕಿಗಳನ್ನು ತಿರುಚಿತ್ತು ಎಂದು 2017ರಲ್ಲಿ ಸಂಶೋಧಕರು ಬರೆದರು. ಸತ್ಯ ನಮಗೆ ಅನುಕೂಲವಾಗಿರಲಿ, ಇಲ್ಲದಿರಲಿ, ಸತ್ಯವೇ. ಆ ದೊಡ್ಡ ಸಂಖ್ಯೆ ಇಲ್ಲದೆಯೂ ಇರಾಕಿನ ತಾಯಂದಿರ ಸಂಕಟ ಚಿಕ್ಕದೇನಲ್ಲ. ವಿಶ್ವಸಂಸ್ಥೆಯ ಪರವಾಗಿ ಬಗ್ದಾದಿನಲ್ಲಿ ನೆರವು ಕಾರ್ಯ ನೋಡಿಕೊಳ್ಳುತ್ತಿದ್ದ ಡೆನಿಸ್ ಹ್ಯಾಲಿಡೇ 1998ರಲ್ಲಿ, ಅವರ ನಂತರ ಬಂದ ಹಾನ್ಸ್ ಫಾನ್ ಸ್ಪೊನೆಕ್ 2000ದಲ್ಲಿ ಈ ದಿಗ್ಬಂಧನವನ್ನು ಸಹಿಸಲಾಗದೆ ರಾಜೀನಾಮೆ ಕೊಟ್ಟರು. ಒಳಗಿದ್ದು ಕಣ್ಣಾರೆ ಕಂಡವರು ಒಬ್ಬರ ನಂತರ ಒಬ್ಬರು ಹುದ್ದೆ ಬಿಡಬೇಕಾದರೆ ಅವರು ಕಂಡದ್ದು ಸಣ್ಣದಾಗಿರಲಾರದು.

ಈ ಕಥೆಗೂ ನಮ್ಮ ಕರಾವಳಿಗೂ ನಂಟಿದೆ. ಕುವೈತಿನಲ್ಲಿ ದುಡಿಯುತ್ತಿದ್ದವರಲ್ಲಿ ನಮ್ಮ ಊರುಗಳ ಗಂಡಸರೂ ಬಹಳ ಮಂದಿ ಇದ್ದರು. ನನ್ನ ಉಮ್ಮನ ತಮ್ಮ, ನಮ್ಮ ಮಾಮ, ಅಲ್ಲಿ ಒಂದು ಬಟ್ಟೆ ಅಂಗಡಿಯಲ್ಲಿದ್ದರು. ದಾಳಿಯಾದಾಗ ನಾನು ಚಿಕ್ಕ ಹುಡುಗಿ. ವಾರಗಟ್ಟಲೆ ಸುದ್ದಿಯಿಲ್ಲ. ಮನೆಯಲ್ಲಿ ರೇಡಿಯೋ ಹಾಕಿದರೆ ಯಾರೂ ಮಾತಾಡುವಂತಿರಲಿಲ್ಲ. ಬಸ್ಸಿನಲ್ಲಿ ಬಗ್ದಾದ್ ದಾಟಿ, ಜೋರ್ಡಾನಿನ ಮರುಭೂಮಿಯ ಡೇರೆಯಲ್ಲಿ ದಿನ ಕಳೆದು, ಅಮ್ಮಾನಿನಿಂದ ವಿಮಾನ ಹತ್ತಿ ಮಾಮ ಬಂದಾಗ ಅವರ ಕೈಯಲ್ಲಿ ಒಂದು ಚೀಲ ಮಾತ್ರ ಇತ್ತು. ಆ ಸಮಯದಲ್ಲಿ ಏರ್ ಇಂಡಿಯಾ 488 ಯಾನಗಳಲ್ಲಿ 1 ಲಕ್ಷ 11 ಸಾವಿರಕ್ಕೂ ಹೆಚ್ಚು ಭಾರತೀಯರನ್ನು ಅಮ್ಮಾನಿನಿಂದ ಮುಂಬಯಿಗೆ ಕರೆತಂದಿತು. ಅವರಲ್ಲಿ ಮಾಮನೂ ಒಬ್ಬರು.

ಕೆಲವು ವರ್ಷಗಳ ನಂತರ ಮಾಮನಿಗೆ ಪರಿಹಾರದ ಹಣ ಬಂತು. ಕುವೈತಿನಿಂದ ಎಲ್ಲವನ್ನೂ ಬಿಟ್ಟು ಓಡಿ ಬಂದವರಿಗೆ ವಿಶ್ವಸಂಸ್ಥೆಯ ಪರಿಹಾರ ಆಯೋಗ ಒಬ್ಬರಿಗೆ 4,000 ಡಾಲರ್, ಕುಟುಂಬಕ್ಕೆ 8,000 ಡಾಲರ್ ತನಕ ಕೊಟ್ಟಿತು. ಮಾಮ ಆ ಹಣದಿಂದ ಮನೆಗೆ ಹೊಸ ಮಾಡು ಹಾಕಿಸಿದರು, ಮಗಳ ಮದುವೆಗೆ ಸ್ವಲ್ಪ ಎತ್ತಿಟ್ಟರು. ಬೆವರು ಸುರಿಸಿ ಗಳಿಸಿದ್ದನ್ನು ಕಳಕೊಂಡವರಿಗೆ ಪರಿಹಾರ ಸಿಕ್ಕಿದ್ದು ನ್ಯಾಯವೇ. ಅದರಲ್ಲಿ ಎರಡು ಮಾತಿಲ್ಲ.

ಆದರೆ ಆ ಹಣ ಬಂದದ್ದೆಲ್ಲಿಂದ? ಬಿ.ಎ. ಓದುವಾಗ ನನಗದು ತಿಳಿಯಿತು. ಇರಾಕಿನ ತೈಲದಿಂದ ಬರುವ ಪ್ರತಿ ನೂರು ಡಾಲರಿನಲ್ಲಿ 30 ಡಾಲರ್ ಈ ಆಯೋಗಕ್ಕೆ ಹೋಗುತ್ತಿತ್ತು. ಆಹಾರಕ್ಕಾಗಿ ತೈಲ ಎಂಬ ಯೋಜನೆಯಡಿ 1996ರ ಕೊನೆಯಲ್ಲಿ ಇರಾಕಿಗೆ ಸ್ವಲ್ಪ ತೈಲ ಮಾರಲು ಅವಕಾಶ ಸಿಕ್ಕಿದಾಗಲೂ ಮೊದಲ ಪಾಲು ಪರಿಹಾರಕ್ಕೇ ಹೋಯಿತು. ಒಟ್ಟು 5,240 ಕೋಟಿ ಡಾಲರ್ ಹೀಗೆ ಪಾವತಿಯಾಗಿ, ಕೊನೆಯ ಕಂತು ಮುಗಿದದ್ದು 2022ರ ಜನವರಿಯಲ್ಲಿ. ಸದ್ದಾಮ್ ಸತ್ತು ಹದಿನೈದು ವರ್ಷಗಳಾಗಿದ್ದವು. ದಾಳಿಯ ದಿನ ಹುಟ್ಟದೇ ಇದ್ದ ಮಕ್ಕಳು ದೊಡ್ಡವರಾಗಿ ಆತನ ತಪ್ಪಿನ ದಂಡ ಕಟ್ಟುತ್ತಿದ್ದರು. ನಮ್ಮ ಮಾಮನಿಗೆ ಕೊಡಬೇಕಾದದ್ದು ಹೌದು. ಆದರೆ ಅದು ಬಗ್ದಾದಿನ ತಾಯಿಯ ಬಟ್ಟಲಿನಿಂದ ಬರುವ ಮೊದಲು ಅರಮನೆ ಕಟ್ಟಿದವರ ತಿಜೋರಿಯಿಂದ ಬರಬೇಕಿತ್ತಲ್ಲವೇ?

ಆ ತಿಜೋರಿಯನ್ನು ಹುಡುಕುವ ಕೆಲಸ ಶುರುವಾದದ್ದು 2003ರಲ್ಲಿ. ಮಾರ್ಚಿನಲ್ಲಿ ಅಮೆರಿಕ ಇರಾಕಿನ ಮೇಲೆ ದಾಳಿ ಮಾಡಿತು. ದಾಳಿಗೆ ಸ್ವಲ್ಪ ಮೊದಲು ಕೇಂದ್ರ ಬ್ಯಾಂಕಿನಿಂದ ಸುಮಾರು 100 ಕೋಟಿ ಡಾಲರ್ ನಗದನ್ನು ಲಾರಿಗಳಲ್ಲಿ ತುಂಬಿಸಿ ಒಯ್ಯಲಾಯಿತು. ಅದರ ಉಸ್ತುವಾರಿ ಸದ್ದಾಮನ ಮಗ ಕುಸೈಯದು. ಪಡಿತರದ ಚೀಲ ಹಿಡಿದು ಸಾಲಿನಲ್ಲಿ ನಿಂತ ಜನರ ಹಣ ಅದು. ಏಪ್ರಿಲ್ 9ರಂದು ಬಗ್ದಾದ್ ಬಿತ್ತು. ಮೇ 22ರಂದು ಭದ್ರತಾ ಮಂಡಳಿ 1483ನೇ ನಿರ್ಣಯ ಅಂಗೀಕರಿಸಿತು. ಅದರಲ್ಲಿ ಎರಡು ಮುಖ್ಯ ಮಾತುಗಳಿದ್ದವು. ಒಂದು, ಆಯುಧಗಳ ಹೊರತು ಇರಾಕಿನ ಮೇಲಿನ ವ್ಯಾಪಾರ ದಿಗ್ಬಂಧನ ಇಂದಿಗೆ ಮುಗಿಯಿತು. ಇನ್ನೊಂದು, ಸದ್ದಾಮ್, ಆತನ ಹಿರಿಯ ಅಧಿಕಾರಿಗಳು ಮತ್ತು ಅವರ ಹತ್ತಿರದ ಕುಟುಂಬದವರು ಸಾಗಿಸಿದ ಅಥವಾ ಸಂಪಾದಿಸಿದ ಹಣವನ್ನು ಎಲ್ಲ ದೇಶಗಳೂ ತಡೆಹಿಡಿದು ಇರಾಕಿನ ಅಭಿವೃದ್ಧಿ ನಿಧಿಗೆ ಒಪ್ಪಿಸಬೇಕು.

ಜೂನ್ ತಿಂಗಳಲ್ಲಿ 55 ಹೆಸರುಗಳ ಮೊದಲ ಪಟ್ಟಿ ಬಂತು. ನವೆಂಬರ್‌ನಲ್ಲಿ 1518ನೇ ನಿರ್ಣಯದಿಂದ ಪಟ್ಟಿಯನ್ನು ನೋಡಿಕೊಳ್ಳಲು ಒಂದು ಸಮಿತಿ ರಚನೆಯಾಯಿತು. ಮುಂದೆ ಪಟ್ಟಿ 89 ಮಂದಿಗೆ ಏರಿತು. ಜತೆಗೆ 200ಕ್ಕೂ ಹೆಚ್ಚು ಸರಕಾರಿ ಕಂಪೆನಿ, ಸಂಸ್ಥೆಗಳು ಸೇರಿದವು. ಅವುಗಳಲ್ಲಿ ಬಹುಪಾಲನ್ನು ಆಮೇಲೆ ಕೈಬಿಡಲಾಯಿತು. ಪಟ್ಟಿಯಲ್ಲಿದ್ದ ಸದ್ದಾಮನನ್ನು 2006ರ ಡಿಸೆಂಬರ್ 30ರಂದು ಗಲ್ಲಿಗೇರಿಸಲಾಯಿತು. ಹಲಬ್ಜಾದ ಕುರ್ದರ ಮೇಲೆ 1988ರಲ್ಲಿ ವಿಷಾನಿಲ ಹಾಕಿಸಿ ಸಾವಿರಾರು ಮಂದಿಯನ್ನು ಕೊಂದ ಅಲಿ ಹಸನ್ ಅಲ್-ಮಜೀದ್‌ಗೆ 2010ರಲ್ಲಿ ಗಲ್ಲಾಯಿತು. ವಿದೇಶಾಂಗ ಮಂತ್ರಿಯಾಗಿದ್ದ ತಾರಿಖ್ ಅಝೀಝ್ 2015ರಲ್ಲಿ ಸೆರೆಯಲ್ಲೇ ತೀರಿಕೊಂಡರು. ಮನುಷ್ಯ ಸತ್ತರೂ ಆತ ಬಚ್ಚಿಟ್ಟ ಹಣ ಸಾಯುವುದಿಲ್ಲ. ಆದ್ದರಿಂದಲೇ ಮಾಜಿ ಅಧಿಕಾರಿಗಳ ಮೇಲಿನ ಇಂಥ ದಿಗ್ಬಂಧನ ಬೇಕಾಗುತ್ತದೆ. ಅದು ಸರಿಯಾದ ಕ್ರಮವೆಂದೇ ನಾನು ಹೇಳುತ್ತೇನೆ. ಕದ್ದವನ ಕೈ ಹಿಡಿಯಬೇಕು, ಕದ್ದದ್ದನ್ನು ಜನರಿಗೆ ಮರಳಿಸಬೇಕು.

ಆದರೆ ನೀವು ಒಂದು ಮಾತನ್ನು ಗಮನಿಸಿದಿರಾ? ಅವರ ಹತ್ತಿರದ ಕುಟುಂಬದವರು ಎಂದಿದೆ. 2004ರಲ್ಲಿ ಸದ್ದಾಮನ ಪತ್ನಿ ಸಾಜಿದಾ, ಇನ್ನೊಬ್ಬ ಪತ್ನಿ ಸಮೀರಾ, ಪುತ್ರಿಯರಾದ ರಘದ್, ರನಾ ಮತ್ತು ಹಲಾ ಇವರ ಹೆಸರುಗಳೂ ಪಟ್ಟಿಗೆ ಬಂದವು. ಮೊದಲ 55 ಮಂದಿಯಲ್ಲಿದ್ದ ಒಬ್ಬಳೇ ಮಹಿಳೆ ಹುದಾ ಅಮ್ಮಾಶ್. ಆಕೆ ವಿಜ್ಞಾನಿ, ಬಾಥ್ ಪಕ್ಷದ ಉನ್ನತ ಸಮಿತಿಯ ಸದಸ್ಯೆ. ಆಕೆಯ ಹೆಸರು ಬಂದದ್ದು ಆಕೆಯ ಹುದ್ದೆಗಾಗಿ. ಎರಡೂವರೆ ವರ್ಷ ಸೆರೆಯಲ್ಲಿಟ್ಟು 2005ರ ಡಿಸೆಂಬರ್‌ನಲ್ಲಿ ಯಾವ ಆರೋಪವನ್ನೂ ಹೊರಿಸದೆ ಆಕೆಯನ್ನು ಬಿಡಲಾಯಿತು. ಆದರೆ ಪತ್ನಿಯರ, ಪುತ್ರಿಯರ ಹೆಸರು ಬಂದದ್ದು ಸಂಬಂಧದ ಕಾರಣದಿಂದ.

ಇದು ಅನ್ಯಾಯವೇ? ಅವಸರದಿಂದ ಹೌದೆನ್ನಲಾಗದು. ಕದ್ದ ಹಣವನ್ನು ತನ್ನ ಹೆಸರಿನಲ್ಲೇ ಇಡುವಷ್ಟು ದಡ್ಡ ಅಧಿಕಾರಿ ಎಲ್ಲಿಯೂ ಇಲ್ಲ. ಹೆಂಡತಿಯ ಹೆಸರಿನಲ್ಲಿ, ಮಗಳ ಹೆಸರಿನಲ್ಲಿ, ಭಾವನ ಹೆಸರಿನಲ್ಲಿ ಇಡುತ್ತಾನೆ. ನಮ್ಮ ದೇಶದಲ್ಲಿ ಇದಕ್ಕೆ ಬೇನಾಮಿ ಎನ್ನುತ್ತೇವೆ. ಹೆಂಡತಿಯನ್ನು ಬಿಟ್ಟು ಪಟ್ಟಿ ಮಾಡಿದರೆ ಹಣವೆಲ್ಲ ಅವಳ ಖಾತೆಯಲ್ಲಿ ಬೆಚ್ಚಗಿರುತ್ತದೆ. ಆದರೆ ಹೆಣ್ಣಿನ ಬದುಕನ್ನೂ ನೋಡಬೇಡವೇ? ರಘದ್ ಮತ್ತು ರನಾ ಅವರ ಗಂಡಂದಿರು ಅಣ್ಣ ತಮ್ಮಂದಿರು. 1995ರಲ್ಲಿ ಅವರು ಸದ್ದಾಮನನ್ನು ಬಿಟ್ಟು ಜೋರ್ಡಾನಿಗೆ ಓಡಿದರು. ಕ್ಷಮೆಯ ಭರವಸೆ ನಂಬಿ 1996ರ ಫೆಬ್ರವರಿಯಲ್ಲಿ ಮರಳಿ ಬಂದರು. ಕೆಲವೇ ದಿನಗಳಲ್ಲಿ ಇಬ್ಬರನ್ನೂ ಕೊಲ್ಲಲಾಯಿತು. ತಂದೆಯ ಆಡಳಿತದಲ್ಲೇ ವಿಧವೆಯರಾದ ಈ ಹೆಣ್ಣು ಮಕ್ಕಳು ಅದೇ ತಂದೆಯ ಕಾರಣದಿಂದ ಪಟ್ಟಿಗೂ ಸೇರಿದರು. ಹಾಗೆಂದು ರಘದ್ ಸುಮ್ಮನೆ ಕುಳಿತವಳೂ ಅಲ್ಲ. ಆಕೆ ತಂದೆಯ ಆಡಳಿತವನ್ನು ಹೊಗಳುತ್ತಲೇ ಬಂದಳು. ನಿಷೇಧಿತ ಬಾಥ್ ಪಕ್ಷದ ಪ್ರಚಾರ ಮಾಡಿದ್ದಕ್ಕೆ 2023ರಲ್ಲಿ ಬಗ್ದಾದಿನ ನ್ಯಾಯಾಲಯ ಆಕೆಯ ಗೈರುಹಾಜರಿಯಲ್ಲಿ ಏಳು ವರ್ಷದ ಶಿಕ್ಷೆ ವಿಧಿಸಿತು. ಒಬ್ಬೊಬ್ಬಳ ಕಥೆ ಒಂದೊಂದು ಬಗೆ. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು ಎಂಬುದಕ್ಕೇ ಇದನ್ನು ಹೇಳಿದೆ.

ಹಾಗಾದರೆ ತೂಗುವವರು ಯಾರು? ಎರಡೂ ಕಡೆಯ ಮಾತು ಕೇಳದೆ ಕಾಝಿ ತೀರ್ಪು ಕೊಡಬಾರದೆಂದು ನಮಗೆ ಮದ್ರಸಾದಲ್ಲಿ ಕಲಿಸಿದ್ದರು. ಈ ಪಟ್ಟಿಯಲ್ಲಿ ಅದೇ ಕೊರತೆಯಾಯಿತು. ಖಲಫ್ ಅಲ್-ದುಲೈಮಿ ಎಂಬಾತನ ಹೆಸರು 2004ರಲ್ಲಿ ಪಟ್ಟಿಗೆ ಬಂತು. ಆತ ಸದ್ದಾಮನ ಗುಪ್ತಚರ ಇಲಾಖೆಯ ಹಣಕಾಸು ನೋಡಿಕೊಳ್ಳುತ್ತಿದ್ದ ಎಂಬುದು ಆಪಾದನೆ. ಸ್ವಿಜರ್ಲೆಂಡಿನಲ್ಲಿದ್ದ ಆತನ ಆಸ್ತಿ ತಡೆಹಿಡಿಯಲ್ಪಟ್ಟಿತು. ಪಟ್ಟಿ ವಿಶ್ವಸಂಸ್ಥೆಯದು, ನಾವು ವಿಚಾರಿಸುವಂತಿಲ್ಲ ಎಂದು ಅಲ್ಲಿನ ನ್ಯಾಯಾಲಯಗಳು ಕೈಚೆಲ್ಲಿದವು. ಕೊನೆಗೆ 2016ರ ಜೂನ್‌ನಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ, ಹೆಸರು ಸೇರಿಸಿದ್ದು ಮನಬಂದಂತೆ ಅಲ್ಲವೆಂಬುದನ್ನಾದರೂ ನೀವು ಪರಿಶೀಲಿಸಬೇಕಿತ್ತು ಎಂದು ಹೇಳಿತು. ಆತ ನಿರ್ದೋಷಿ ಎಂದು ಅದು ಹೇಳಲಿಲ್ಲ. ಆತನ ಮಾತನ್ನು ಕೇಳಬೇಕಿತ್ತು ಎಂದಷ್ಟೇ ಹೇಳಿತು. ದೊಡ್ಡ ಅಪರಾಧಿಗೂ ಬಾಯಿ ಬಿಡುವ ಹಕ್ಕಿದೆ. ಆ ಹಕ್ಕು ಸಿಕ್ಕಿದರೆ ತಾನೇ ನಿರಪರಾಧಿ ಹೆಣ್ಣು ಮಗಳಿಗೂ ಅದು ಸಿಗುವುದು?

ಇನ್ನೊಂದು ಕಹಿ ಸತ್ಯವೂ ಇದೆ. ತೈಲದ ಹಣ ಮತ್ತು ಮುಟ್ಟುಗೋಲು ಹಾಕಿದ ಹಣ ಎರಡೂ ಇರಾಕಿನ ಅಭಿವೃದ್ಧಿ ನಿಧಿಗೆ ಹೋದವು. ಅದನ್ನು ಖರ್ಚು ಮಾಡುವ ಅಧಿಕಾರ ಅಮೆರಿಕ ನೇಮಿಸಿದ ಆಡಳಿತದ ಕೈಯಲ್ಲಿತ್ತು. ಆ ನಿಧಿಯ ಸುಮಾರು 880 ಕೋಟಿ ಡಾಲರ್‌ಗೆ ಸರಿಯಾದ ಲೆಕ್ಕವೇ ಇಲ್ಲವೆಂದು 2005ರ ಜನವರಿಯಲ್ಲಿ ಅಮೆರಿಕದ್ದೇ ಲೆಕ್ಕ ಪರಿಶೋಧಕರು ವರದಿ ಕೊಟ್ಟರು. ಕಳ್ಳನಿಂದ ಕಸಿದುಕೊಂಡದ್ದು ಮಾತ್ರ ಸಾಲದು, ಅದು ಯಜಮಾನನಿಗೆ ತಲುಪಿತೇ ಎಂದೂ ನೋಡಬೇಕು. ಇಲ್ಲದಿದ್ದರೆ ಜನರ ಪಾಲಿಗೆ ಕಳ್ಳ ಬದಲಾದ ಅಷ್ಟೇ.

ಲೋಕ ಇದರಿಂದ ಏನನ್ನೂ ಕಲಿಯಲಿಲ್ಲವೇ? ಸ್ವಲ್ಪ ಕಲಿತಿದೆ ಎನ್ನಬಹುದು. ಸಿರಿಯಾದಲ್ಲಿ 2024ರ ಡಿಸೆಂಬರ್ 8ರಂದು ಬಶ್ಶಾರ್ ಅಲ್-ಅಸದ್ ದೇಶ ಬಿಟ್ಟು ಮಾಸ್ಕೋಗೆ ಓಡಿದರು. 2025ರ ಮೇ ತಿಂಗಳಲ್ಲಿ ಯುರೋಪಿಯನ್ ಒಕ್ಕೂಟ ಆ ದೇಶದ ಮೇಲಿನ ಆರ್ಥಿಕ ದಿಗ್ಬಂಧನಗಳನ್ನು ತೆಗೆದು, ಅಸದ್ ಆಡಳಿತದೊಂದಿಗೆ ಸೇರಿದವರ ಮೇಲಿನ ನಿರ್ಬಂಧವನ್ನು ಮಾತ್ರ ಉಳಿಸಿಕೊಂಡಿತು. ಜೂನ್ 30ರಂದು ಅಮೆರಿಕವೂ ಹಾಗೆಯೇ ಆದೇಶ ಹೊರಡಿಸಿತು. ಜನರ ಬಾಗಿಲು ತೆರೆಯಿರಿ, ಅಪರಾಧಿಗಳ ತಿಜೋರಿ ಮುಚ್ಚಿರಿ ಎಂಬ ಈ ಕ್ರಮ ಸರಿ. ಆದರೆ ಅದಕ್ಕೂ ಮೊದಲು ಸಿರಿಯಾದ ಸಾಮಾನ್ಯ ಜನರು ಯುದ್ಧದೊಂದಿಗೆ ವರ್ಷಗಟ್ಟಲೆ ದಿಗ್ಬಂಧನವನ್ನೂ ಸಹಿಸಬೇಕಾಯಿತು. ಅದನ್ನು ಮರೆಯಲಾಗದು.

ಇದೆಲ್ಲ ದೂರದ ಮಾತು ಎಂದು ನಿಮಗನಿಸಬಹುದು. ನಮ್ಮ ಹತ್ತಿರದ್ದನ್ನೇ ಹೇಳುತ್ತೇನೆ. ನಮ್ಮ ಪರಿಸರದಲ್ಲಿ ಒಬ್ಬ ಮನುಷ್ಯ ಲಾಭದ ಆಸೆ ತೋರಿಸಿ ಹಲವರ ಹಣ ಪಡೆದು ಪರಾರಿಯಾದ. ಹಣ ಕೊಟ್ಟವರಲ್ಲಿ ಬೀಡಿ ಕಟ್ಟಿ ಕೂಡಿಟ್ಟ ವಿಧವೆಯರೂ ಇದ್ದರು. ಆತನ ಮನೆ ಹೆಂಡತಿಯ ಹೆಸರಿನಲ್ಲಿತ್ತು. ಆಕೆಗೆ ಗೊತ್ತಿದ್ದುದು ಗಂಡ ತೋರಿಸಿದ ಕಡೆ ಸಹಿ ಹಾಕುವುದು ಮಾತ್ರ. ಜನರು ಮನೆಯ ಮುಂದೆ ಬಂದು ಕೂಗಾಡಿದರು. ಮದುವೆ ಮನೆಗಳಿಗೆ ಆಕೆಯನ್ನು ಕರೆಯುವುದು ನಿಂತಿತು. ಆತನ ಮಗಳು ನನ್ನ ತರಗತಿಯಲ್ಲಿದ್ದಳು. ಅವಳ ಪಕ್ಕದ ಜಾಗ ಖಾಲಿಯಾಯಿತು. ನಾನು ಮಕ್ಕಳಿಗೆ ಏನೂ ಉಪದೇಶ ಮಾಡದೆ ಇಬ್ಬರನ್ನು ಕರೆದು ಅವಳ ಎಡಬಲಕ್ಕೆ ಕೂರಿಸಿದೆ.

ಆ ಮನೆ ಮಾರಿ ವಿಧವೆಯರ ಹಣ ಕೊಡಬೇಕೇ? ಖಂಡಿತ ಕೊಡಬೇಕು. ಅದು ಅವರ ಹಣದಿಂದ ಕಟ್ಟಿದ್ದು. ಆಕೆ ತವರಿನಿಂದ ತಂದದ್ದು, ಆಕೆಯ ಮಹ್ರ್? ಅದು ಆಕೆಯದು. ಅದನ್ನು ಮುಟ್ಟುವ ಹಕ್ಕು ಗಂಡನಿಗೇ ಇಲ್ಲವೆಂದ ಮೇಲೆ ಗಂಡನ ಸಾಲಗಾರರಿಗೆ ಎಲ್ಲಿಂದ ಬರಬೇಕು? ಆ ಮಗಳ ಪಕ್ಕದ ಜಾಗ? ಅದನ್ನು ಖಾಲಿ ಮಾಡುವ ಹಕ್ಕು ಯಾರಿಗೂ ಇಲ್ಲ. ಭದ್ರತಾ ಮಂಡಳಿಯಲ್ಲಿ ದೊಡ್ಡ ದೊಡ್ಡವರು ಕುಳಿತು ಬಿಡಿಸಬೇಕಾದ ಗಂಟೂ ಇದೇ ತಾನೇ?

ಆದ್ದರಿಂದ ನಿಮ್ಮಲ್ಲಿ ಎರಡು ವಿನಂತಿಗಳಿವೆ. ಮೊದಲನೆಯದು, ನಿಮ್ಮ ಹೆಸರಿನಲ್ಲಿ ಏನಿದೆ ಎಂದು ತಿಳಿದುಕೊಳ್ಳಿ. ಸಹಿ ಹಾಕುವ ಮೊದಲು ಕಾಗದ ಓದಿರಿ, ಓದಲು ಬಾರದಿದ್ದರೆ ಮಕ್ಕಳಿಂದ ಓದಿಸಿರಿ. ಈ ಹಣ ಎಲ್ಲಿಂದ ಬಂತೆಂದು ಗಂಡನನ್ನೋ ಮಗನನ್ನೋ ಕೇಳುವುದು ಜಗಳವಲ್ಲ, ಅವರನ್ನೂ ನಿಮ್ಮನ್ನೂ ಕಾಪಾಡುವ ಕೆಲಸ ಅದು. ಎರಡನೆಯದು, ಒಬ್ಬ ಬಿದ್ದಾಗ ಅವನ ಮನೆಯವರನ್ನೆಲ್ಲ ಜತೆಗೆ ತುಳಿಯಬೇಡಿ. ಅವನಿಂದ ಲೆಕ್ಕ ಕೇಳಿ, ಕಾಸಿಗೆ ಕಾಸು ಕೇಳಿ, ಬಿಡಬೇಡಿ. ಆದರೆ ನಾಳೆ ಅವನ ಮಗಳು ಶಾಲೆಗೆ ಹೊರಟಾಗ ನಿಮ್ಮ ಮಗಳನ್ನು ಅವಳ ಜತೆಯಲ್ಲೇ ಕಳುಹಿಸಿ.